ಒಗೆಯೋ ಕಲ್ಲಿಗೆ ಶಾಲು ಹೊದಿಸಿದ ವಾರ

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಅಂತ ಒಂದು ಆಚರಣೆ ಇದೆ, ನಿಮಗೆ ಗೊತ್ತಿರಬಹುದು, ನಮ್ಮೂರಿಗಂತೂ ಈ ಸಲದವರೆಗೂ ಗೊತ್ತಿರಲಿಲ್ಲ. ಮೊದಲನೇ ದಿನ ಪುರಾತತ್ವ ಸರ್ವೇಕ್ಷಣ ಇಲಾಖೆಯ ಟಿಕೆಟ್ ಇರೋ ಸ್ಮಾರಕಗಳಿಗೆಲ್ಲ ಎಂಟ್ರಿ ಫ್ರೀ. ಇದನ್ನ ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಡ, ನಮ್ಮೂರ ಈಶ್ವರನ ಗುಡಿಗೂ ಅವತ್ತು ಉಚಿತ ಪ್ರವೇಶ ಅಂತ ಆಟೋಗೆ ಮೈಕ್ ಕಟ್ಟಿ ಕೂಗಿಸಿಬಿಟ್ರು. ಆ ಗುಡಿಗೆ ಟಿಕೆಟ್ಟೇ ಇಲ್ಲ ಸ್ವಾಮಿ. ಹೊಯ್ಸಳರ ಕಾಲದಿಂದ ಫ್ರೀನೇ. ನಾಯಿಗೆ ಫ್ರೀ, ಮೇಕೆಗೆ ಫ್ರೀ, ಇಸ್ಪೀಟ್ ಆಡೋರಿಗೆ ಫ್ರೀ, ಕಾಲೇಜಿಗೆ ಚಕ್ಕರ್ ಹೊಡೆದ ಜೋಡಿಗಳಿಗೂ ಫ್ರೀ. ಆದ್ರೂ ಆಟೋ ಕೂಗ್ತಾ ಹೋದಾಗ ಏನೋ ಡಿಸ್ಕೌಂಟ್ ಸೇಲ್ ಬಂದಿದೆ ಅಂತ ಜನ ಕಿಟಕಿಯಿಂದ ಇಣುಕಿದ್ದು ನಿಜ.

ಊರ ಹೆಸರು ಹೇಳಲ್ಲ, ಹಾಸನ ಜಿಲ್ಲೆ ಅಂತಷ್ಟೇ ಇಟ್ಕೊಳಿ. ಹೇಳಿದ್ರೆ ನಾಳೆಯಿಂದ ಬಸ್‌ಸ್ಟ್ಯಾಂಡ್ ಹೋಟೆಲಲ್ಲಿ ನನಗೆ ಟೀ ಕೊಡಲ್ಲ.

ಇದೆಲ್ಲ ಶುರುವಾಗಿದ್ದು ಹೊಟ್ಟೆಕಿಚ್ಚಿಂದ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರಕ್ಕೂ ಯುನೆಸ್ಕೋ ಪಟ್ಟ ಸಿಕ್ತಲ್ಲ, ಅವತ್ತಿಂದ ನಮ್ಮೂರ ಸಮಿತಿ ಅಧ್ಯಕ್ಷರಿಗೆ ನಿದ್ದೆ ಇಲ್ಲ. ಅವರದ್ದೂ ಕಲ್ಲೇ ನಮ್ಮದೂ ಕಲ್ಲೇ, ಅವರಿಗೆ ಮಾತ್ರ ಯಾಕೆ ಅನ್ನೋದು ಅವರ ವಾದ. ವಾದ ಏನೋ ಸರಿನೇ ಅನ್ನಿ. ಆದ್ರೆ ಆ ಕಲ್ಲಿನ ಮೇಲೆ ನಾವು ಏನೇನು ಒಣಗಿಸಿದೀವಿ ಅನ್ನೋದು ಯುನೆಸ್ಕೋಗೆ ಗೊತ್ತಾಗದೇ ಇರೋದು ವಾಸಿ.

ಮೂರು ಪೂರ್ವಭಾವಿ ಸಭೆ ಆಯ್ತು. ಮೂರಕ್ಕೂ ನಾನು ಹೋಗಿದ್ದೆ, ಬೋಂಡಾ ಚೆನ್ನಾಗಿತ್ತು. ಮೊದಲನೇ ಸಭೇಲಿ ಫ್ಲೆಕ್ಸಲ್ಲಿ ಯಾರ ಫೋಟೊ ಎಷ್ಟು ದೊಡ್ಡದಿರಬೇಕು ಅಂತ ಚರ್ಚೆ, ಎರಡನೇ ಸಭೇಲಿ ಮೊದಲನೇ ಸಭೆಗೆ ಬರದೇ ಇದ್ದೋರ ಫೋಟೊ ಚಿಕ್ಕದಾಯ್ತು ಅಂತ ಜಗಳ, ಮೂರನೇದರಲ್ಲಿ ಸನ್ಮಾನಿತರ ಪಟ್ಟಿ. 32 ಜನಕ್ಕೆ ಸನ್ಮಾನ ಅಂತ ತೀರ್ಮಾನ ಆಯ್ತು, ಅದರಲ್ಲಿ ಗುಡಿ ಒಳಗೆ ಯಾವತ್ತಾದ್ರೂ ಕಾಲಿಟ್ಟೋರು ನಾಲ್ಕೋ ಐದೋ ಜನ ಇರಬೇಕು. ಕೊನೆಗೆ ಫ್ಲೆಕ್ಸ್ ಪ್ರಿಂಟಾಗಿ ಬಂತು ನೋಡಿ, ಬರೀ ಮುಖ, ಮುಖ, ಮುಖ, ಮೂಲೇಲಿ ಅಂಚೆ ಚೀಟಿ ಸೈಜಿಗೆ ಒಂದು ಗುಡಿ. ಅದೂ ನಮ್ಮದಲ್ಲ. ಫ್ಲೆಕ್ಸ್ ಅಂಗಡಿ ಹುಡುಗ ಗೂಗಲ್‌ನಿಂದ ಇಳಿಸಿದ್ದು, ಅಷ್ಟು ದೊಡ್ಡ ಚಕ್ರ ಇರೋದು ಒಡಿಶಾದ ಕೋನಾರ್ಕಲ್ಲಿ ಅಂತ ನಿವೃತ್ತ ಮೇಷ್ಟ್ರು ಹೇಳಿದ್ರು. ಪರವಾಗಿಲ್ಲ ಬಿಡಿ ಮೇಷ್ಟ್ರೇ ವಿಶ್ವ ಪರಂಪರೆ ತಾನೇ, ಎಲ್ಲಾ ಒಂದೇ, ಅಂದ್ರು ಅಧ್ಯಕ್ಷರು.

ಈ ಮೇಷ್ಟ್ರ ಬಗ್ಗೆ ಒಂದು ಮಾತು. ಊರಲ್ಲಿ ಶಾಸನ ಓದೋಕೆ ಬರೋದು ಅವರೊಬ್ಬರಿಗೇ, ಅದಕ್ಕೇ ಅವರ ಮಾತನ್ನ ಯಾರೂ ಕೇಳಲ್ಲ. ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆ ಶಾಸನಗಳ ಸಂಪುಟ ತಂದ್ರಲ್ಲ, ಎಪಿಗ್ರಾಫಿಯಾ ಕರ್ನಾಟಿಕಾದ ಐದನೇದು, ಅದರ ಜೆರಾಕ್ಸ್ ಒಂದು ಅವರ ಹತ್ರ ಇದೆ. ಅದರಲ್ಲಿ ಪ್ರತಿ ಕಲ್ಲಿಗೂ ಅಡ್ರೆಸ್ ಕೊಟ್ಟಿರ್ತಾರೆ, ಇಂಥ ಊರು, ಇಂಥ ಗುಡಿಯ ಬಲಗಡೆ, ಇಂಥೋರ ಹೊಲದಲ್ಲಿ ಅಂತ. ಮೇಷ್ಟ್ರು ರಿಟೈರ್ ಆದ ಮೇಲೆ ಒಂದು ಸ್ಕೂಟರಲ್ಲಿ ಆ ಅಡ್ರೆಸ್ ಹುಡುಕ್ತಾ ಓಡಾಡ್ತಾರೆ. ಹೊಲ ಇದ್ದ ಕಡೆ ಲೇಔಟ್, ಗುಡಿ ಇದ್ದ ಕಡೆ ಕಲ್ಯಾಣ ಮಂಟಪ, ಅಡ್ರೆಸ್ ಇದೆ ಕಲ್ಲಿಲ್ಲ. ಅವರು ನೋಟ್‌ಬುಕ್ ಹಿಡ್ಕೊಂಡು ಕಲ್ಲಿನ ಮುಂದೆ ಕೂತ್ರೆ ಸಾಕು, ಮೂರು ಜನ ಬಂದು "ಎಷ್ಟು ಕೊಪ್ಪರಿಗೆ ಐತಂತೆ ಸಾ, ಯಾವ ಕಡೆ ಅಗಿಬೇಕಂತೆ?" ಅಂತ ಕೇಳ್ತಾರೆ. ಒಂದು ಸಲ ಇವರು ಇದು ನಂದಾದೀಪದ ಎಣ್ಣೆಗೆ ಬಿಟ್ಟ ದತ್ತಿ ಕಣ್ರಪ್ಪ ಅಂದಿದ್ದಕ್ಕೆ, ಮೇಷ್ಟ್ರು ನಿಧಿ ವಿಷಯ ಮುಚ್ಚಿಡ್ತಿದಾರೆ ಅಂತ ಗುಲ್ಲಾಗಿ, ರಾತ್ರೋರಾತ್ರಿ ಯಾರೋ ಆ ಶಾಸನದ ಬುಡಾನೇ ಅಗೆದು ಹಾಕಿದ್ರು.

ಸರಿ, 19ನೇ ತಾರೀಕು ಬಂತು. ನಮ್ಮ ಗುಡಿ ಮುಂದೆ ಒಂದು ನೀಲಿ ಬೋರ್ಡ್ ಇದೆ, ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, 1958ರ ಕಾಯ್ದೆ ಪ್ರಕಾರ ಹಾಳು ಮಾಡಿದೋರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಅಂತ. ಆ ಬೋರ್ಡಿನ ಒಂದು ಕಾಲಿಗೆ ಎಗ್ ರೈಸ್ ಗಾಡಿಯವನು ಟಾರ್ಪಲ್ ಹಗ್ಗ ಕಟ್ಕೊಂಡಿದಾನೆ, ಇನ್ನೊಂದು ಕಾಲಿಗೆ ಅವನ ಮೆನು. ನೂರು ಮೀಟರ್ ಒಳಗೆ ಯಾವ ಕಟ್ಟಡವೂ ಕಟ್ಟಬಾರದು ಅಂತಲೂ ಕಾನೂನಿದೆ, ಹಾಗಾಗಿ ವೇದಿಕೆ ಹಾಕೋಕೆ ನಮ್ಮೋರು ಕಟ್ಟಡ ಗಿಟ್ಟಡ ಏನೂ ಕಟ್ಟಲಿಲ್ಲ, ಬರೀ ಜೆಸಿಬಿ ತರಿಸಿ ಗುಡಿ ಮುಂದಿನ ನೆಲಾನ ಲೆವೆಲ್ ಮಾಡಿಸಿದ್ರು. ಶಾಮಿಯಾನದ ಹಗ್ಗ ಎಳೆದು ಕಟ್ಟಿದ್ದು ನಂದಿಯ ಕುತ್ತಿಗೆಗೆ. ಫ್ಲೆಕ್ಸ್ ಕಟ್ಟಿದ್ದು ಮುಖಮಂಟಪದ ತಿರುಗಣಿ ಕಂಬಗಳಿಗೆ, ನೈಲಾನ್ ಹಗ್ಗ ಜಾರ್ತಾ ಇತ್ತಂತೆ, ಅಷ್ಟು ನುಣುಪು ಆ ಕಂಬ, ಅದಕ್ಕೆ ಪಕ್ಕದ ಗೋಡೆಗೆ ಎರಡು ಕಾಂಕ್ರೀಟ್ ಮೊಳೆ ಹೊಡೆದ್ರು. ಫ್ಲೆಕ್ಸ್ ಮೇಲಿದ್ದ ಬರಹ: "ನಮ್ಮ ಸ್ಮಾರಕ ನಮ್ಮ ಹೆಮ್ಮೆ, ದಯವಿಟ್ಟು ವಿರೂಪಗೊಳಿಸಬೇಡಿ."

ಹತ್ತು ಗಂಟೆಗೆ ಅಂದಿದ್ದ ಮುಖ್ಯ ಅತಿಥಿಗಳು ಒಂದೂ ಕಾಲಿಗೆ ಬಂದ್ರು. ಆಗ ಗೊತ್ತಾಗಿದ್ದು ಗುಡಿಗೆ ಬೀಗ ಹಾಕಿದೆ ಅಂತ. ಬೀಗದ ಕೈ ಇರೋದು ಕಾವಲಿನವನ ಹತ್ರ, ಅವನು ರಾಗಿ ಕುಯ್ಯೋಕೆ ಹೊಲಕ್ಕೆ ಹೋಗಿದಾನೆ, ಫೋನು ಮನೇಲಿ ಚಾರ್ಜಿಗೆ ಹಾಕಿದಾನೆ. ಫ್ರೀ ಎಂಟ್ರಿ ದಿನವೇ ಎಂಟ್ರಿ ಇಲ್ಲ. ಒಂದು ನಿಮಿಷ ಎಲ್ಲರೂ ಮುಖ ಮುಖ ನೋಡ್ಕೊಂಡ್ರು, ಆಮೇಲೆ ಯಾವ ಪುಣ್ಯಾತ್ಮನ ಐಡಿಯಾನೋ, ಬೀಗ ಹಾಕಿದ ಬಾಗಿಲಿಗೇ ಟೇಪ್ ಕಟ್ಟಿ ಅದನ್ನ ಕತ್ತರಿಸಿ ಚಪ್ಪಾಳೆ ತಟ್ಟಿ ಎಲ್ಲರೂ ವೇದಿಕೆಗೆ ಹೋದ್ರು. ಒಬ್ಬರಿಗೂ ಒಳಗೆ ಹೋಗಲಿಲ್ಲವಲ್ಲ ಅನ್ನೋ ಕೊರಗಿರಲಿಲ್ಲ, ಒಳಗೆ ಬಾವಲಿ ವಾಸನೆ ಬೇರೆ.

ಭಾಷಣದಲ್ಲಿ ಎಲ್ಲರೂ ಜಕಣಾಚಾರಿ ಹೆಸರು ಹೇಳಿದ್ರು. ಕಲ್ಲೊಳಗಿನ ಕಪ್ಪೆ ಕಥೆಯನ್ನ ಮೂರು ಜನ ಹೇಳಿದ್ರು, ಒಬ್ಬರು ಅದೇ ಕಪ್ಪೆ ನಮ್ಮೂರದ್ದು ಅಂದ್ರು. ಜಕಣಾಚಾರಿ ಹೆಸರು ಬೇಲೂರಿನ ಯಾವ ವಿಗ್ರಹದಲ್ಲೂ ಸಿಗಲ್ಲ, ಆದ್ರೆ ನಿಜವಾಗಿ ಕೆತ್ತಿದೋರು ತಮ್ಮ ಹೆಸರನ್ನ ವಿಗ್ರಹದ ಪಾದದ ಕೆಳಗೇ ಕೊರೆದು ಹೋಗಿದಾರೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹಾರನಹಳ್ಳಿ ಜಾವಗಲ್ ನುಗ್ಗೇಹಳ್ಳಿ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಸಹಿ ಹಾಕಿ ಇದು ನನ್ನ ಕೆಲಸ ಅಂತ ಹೇಳ್ಕೊಂಡ ಜನ ಅವರು. ಆ ಸಹಿ ನಮ್ಮ ಕಣ್ಣಿಗೆ ಬೀಳಲ್ಲ, ಆದ್ರೆ ಸಹಿ ಹಾಕೋ ಪರಂಪರೇನ ಮಾತ್ರ ನಾವು ಬಿಟ್ಟಿಲ್ಲ, ನಮ್ಮ ಗುಡಿಯ ಗೋಡೆ ತುಂಬಾ ಆಣಿಯಲ್ಲಿ ಗೀಚಿದ ಹಾರ್ಟು, ಬಾಣ, ಎಂ ಪ್ಲಸ್ ಎಸ್, ಎಸ್ಸೆಸ್ಸೆಲ್ಸಿ ಬ್ಯಾಚು. ಎಂ ಪ್ಲಸ್ ಎಸ್ ಇಬ್ಬರೂ ಬೇರೆ ಬೇರೆ ಕಡೆ ಮದುವೆಯಾಗಿ ಮಕ್ಕಳನ್ನ ಅದೇ ಗುಡಿಗೆ ಟ್ರಿಪ್ ಕರ್ಕೊಂಡು ಬರೋ ವಯಸ್ಸಾಗಿದೆ ಈಗ.

ಎರಡನೇ ದಿನ ಶಾಲಾ ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ, ವಿಷಯ "ನಮ್ಮೂರ ಸ್ಮಾರಕ". ಶಾಲೆ ಕಿಟಕಿಯಿಂದ ಗುಡಿ ಶಿಖರ ನೇರವಾಗಿ ಕಾಣುತ್ತೆ, ತಲೆ ಎತ್ತಿದ್ರೆ ಸಾಕು. ಒಂದು ಮಗುವೂ ಎತ್ತಲಿಲ್ಲ. ಅರ್ಧಕ್ಕರ್ಧ ತಾಜ್ ಮಹಲ್, ಉಳಿದಿದ್ದು ಹಂಪಿ ಕಲ್ಲಿನ ರಥ. ಮೊದಲನೇ ಬಹುಮಾನ ಬಂದ ಹುಡುಗ ರಥಾನ ಎಷ್ಟು ಚೆನ್ನಾಗಿ ಬರೆದಿದ್ದ ಅಂದ್ರೆ, ಜಡ್ಜುಗಳು ಹತ್ರ ಹಿಡಿದು ನೋಡಿದಾಗ ಮೂಲೇಲಿ 50 ಅಂತಲೂ ಬರೆದಿತ್ತು. ಜೇಬಲ್ಲಿದ್ದ ಐವತ್ತರ ನೋಟಿನ ಹಿಂಭಾಗ ನೋಡ್ಕೊಂಡು ಬರೆದಿದ್ದಾನೆ ಪಾಪ, ಪ್ರಾಮಾಣಿಕ ಹುಡುಗ, ಇದ್ದದ್ದು ಇದ್ದ ಹಾಗೇ ಬರೆದ. ಅವನಿಗೆ ಸ್ಟೀಲ್ ಟಿಫನ್ ಬಾಕ್ಸ್.

ಮೂರನೇ ದಿನ ಸಂತೆ, ಪರಂಪರೆಗೆ ರಜೆ.

ನಾಲ್ಕನೇ ದಿನ ಪಾರಂಪರಿಕ ನಡಿಗೆ. ನಡಿಗೆ ಅಂತ ಹೆಸರು ಅಷ್ಟೇ, ಕೋಟೆಗೆ ಒಂದೂವರೆ ಕಿಲೋಮೀಟರ್ ಆಗುತ್ತೆ ಅಂತ ಎಲ್ಲರೂ ಬೈಕಲ್ಲಿ, ಅಧ್ಯಕ್ಷರು ಕಾರಲ್ಲಿ, ಇಡ್ಲಿ ವಡೆ ಗೂಡ್ಸ್ ಆಟೋದಲ್ಲಿ. ಹಿಂದಿನ ದಿನ ಸಂಜೆ ಕಾಲೇಜು ಹುಡುಗರು ಪಾಪ ಸೊಂಟಮಟ್ಟ ನೀರಲ್ಲಿ ನಿಂತು ಕಲ್ಯಾಣಿ ಕ್ಲೀನ್ ಮಾಡಿದ್ರು, ನಡಿಗೆಯೋರು ಅದೇ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ತಿಂಡಿ ತಿಂದು, ಪೇಪರ್ ಪ್ಲೇಟು ಎಲ್ಲಿ ಹಾಕೋದು ಅಂತ ಆಚೀಚೆ ನೋಡಿ, ಕೆಳಗೆ ನೀರು ಕಾಣ್ತು. ಕೋಟೆ ಎಲ್ಲಿ ಅಂತ ಹಾಸನದಿಂದ ಬಂದಿದ್ದ ಒಬ್ಬ ಹುಡುಗಿ ಕೇಳಿದ್ಲು. ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಜಾಲಿ. ಕಲ್ಲೆಲ್ಲ ಎಲ್ಲಿ ಹೋಯ್ತು ಅಂದ್ಲು. ಯಾರೂ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ, ಯಾಕಂದ್ರೆ ನಮ್ಮ ಮನೆ ಮೆಟ್ಟಿಲು ಮೂರೂ ಕೋಟೆ ಕಲ್ಲೇ, ನಮ್ಮ ತಾತ ಎತ್ತಿನ ಗಾಡೀಲಿ ಹೊಡ್ಕೊಂಡು ಬಂದಿದ್ದು, ಇದನ್ನ ಬರೀತಾ ಕೂತಿರೋ ಜಗಲಿ ಚಪ್ಪಡಿ ಕೂಡ. ಬೇಸಿಗೇಲಿ ಬಹಳ ತಂಪು.

ನಾಪತ್ತೆ ಅಂದಾಗ ನೆನಪಾಯ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಸಂಸದೀಯ ಸಮಿತಿಗೆ ಒಂದು ಲೆಕ್ಕ ಕೊಡ್ತು, ರಕ್ಷಿತ ಸ್ಮಾರಕಗಳು 3,693, ಅದರಲ್ಲಿ 50 ಕಾಣಿಸ್ತಿಲ್ಲ ಅಂತ. 14ನ್ನ ಬೆಳೆಯೋ ನಗರ ನುಂಗಿದೆ, 12 ಡ್ಯಾಮು ಕೆರೆ ನೀರಲ್ಲಿ ಮುಳುಗಿವೆ, ಉಳಿದ 24 ಎಲ್ಲಿ ಹೋದ್ವು ಅಂತ ಪತ್ತೇನೇ ಇಲ್ಲ. ಹಸು ಕಳೆದ್ರೆ ದೊಡ್ಡಿಗೆ ಹೋಗಿ ಕೇಳ್ತೀವಿ, ಸ್ಮಾರಕ ಕಳೆದ್ರೆ ಎಲ್ಲಿ ಕೇಳೋದು? ಅದಕ್ಕೂ ದಾರಿ ಸಿಕ್ತು, 2024ರಲ್ಲಿ ಅಂಥ 18ನ್ನ, ಇವು ರಾಷ್ಟ್ರೀಯ ಮಹತ್ವ ಕಳ್ಕೊಂಡಿವೆ ಅಂತ ಹೇಳಿ ಪಟ್ಟಿಯಿಂದಲೇ ತೆಗೆಯೋಕೆ ಹೊರಟ್ರು. ಕಳ್ಕೊಂಡಿದ್ದು ಯಾರು ಏನನ್ನ ಅಂತ ಆ ವಾಕ್ಯದಲ್ಲಿ ಹುಡುಕಿ ನೋಡಿ, ಚೆನ್ನಾಗಿದೆ.

ಆದ್ರೆ ನಮ್ಮೂರಲ್ಲಿ ಉಲ್ಟಾ ಆಯ್ತು, ಹುಡುಕದೇ ಇದ್ದದ್ದು ಸಿಕ್ತು. ನಡಿಗೆ ವಾಪಸ್ ಬರ್ತಾ ಮೂಲೆಮನೆ ಅಜ್ಜಿ ಹಿತ್ತಲ ಹತ್ರ ಮೇಷ್ಟ್ರು ಸ್ಕೂಟರ್ ನಿಲ್ಲಿಸಿದ್ರು. ಅಜ್ಜಿ ಬಟ್ಟೆ ಒಗೀತಿದ್ರು. ಕಲ್ಲಿನ ಅಂಚಲ್ಲಿ ಒಂದು ಸಣ್ಣ ಬಳ್ಳಿ ಕೆತ್ತನೆ ಕಾಣಿಸ್ತಿದೆ, ಸೋಪಿನ ನೊರೆ ಒಳಗೆ. ಅಜ್ಜಿ, ಇದು ಎಲ್ಲಿಂದ ಬಂತು ಅಂತ ಮೇಷ್ಟ್ರು ಕೇಳಿದ್ರು. "ನಮ್ಮತ್ತೆ ಕಾಲದಿಂದ ಐತೆ ಕಣಪ್ಪ, ನಾನು ಮದ್ವೆಯಾಗಿ ಬಂದಾಗ್ಲೂ ಇಲ್ಲೇ ಇತ್ತು." ನಾಲ್ಕು ಹುಡುಗರು ಹಾರೆ ಹಾಕಿ ಮಗುಚಿದ್ರು. ಕೆಳಗೆ ಹಸಿ ಮಣ್ಣು, ಎರೆಹುಳ, ಒಂದು ಜರಿ ಓಡಿಹೋಯ್ತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಮಂಡಿಯೂರಿ ಬರೀ ಕೈಯಲ್ಲಿ ನೀರು ಹಾಕಿ ಮಣ್ಣು ಸವರಿದ ಹಾಗೆ ಒಂದೊಂದೇ ಎದ್ದು ಬಂತು ನೋಡಿ: ಕೆಳಗಿನ ಸಾಲಲ್ಲಿ ಪುಟ್ಟ ಪುಟ್ಟ ಹಸುಗಳು, ಅವುಗಳ ಮುಂದೆ ಬಿಲ್ಲು ಎಳೆದು ನಿಂತ ಒಬ್ಬ, ನಡುವಿನ ಸಾಲಲ್ಲಿ ಇಬ್ಬರು ಅಪ್ಸರೆಯರು ಅವನನ್ನ ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದಾರೆ, ಮೇಲಿನ ಸಾಲಲ್ಲಿ ಲಿಂಗ, ನಂದಿ, ಅವನು ಕೈಮುಗಿದು ಕೂತಿದಾನೆ, ತುದೀಲಿ ಸೂರ್ಯ ಚಂದ್ರ. ಸಾಲುಗಳ ನಡುವಿನ ಪಟ್ಟೀಲಿ ಮುತ್ತು ಪೋಣಿಸಿದ ಹಾಗೆ ಅಕ್ಷರ. ವೀರಗಲ್ಲು. ಮುಖ ಕೆಳಗಾಗಿ ಬಿದ್ದಿದ್ದಕ್ಕೆ ಮಳೆ ಬಿಸಿಲು ಒಂದೂ ತಾಗಿಲ್ಲ, ಹಸುವಿನ ಕೊರಳ ಗಂಟೆ ಕೂಡ ಕಾಣಿಸ್ತಿತ್ತು. ಮೇಷ್ಟ್ರು ಬೆರಳಿಟ್ಟು ಓದಿದ್ರು, ಏನೋ ಗವುಡನ ಮಗ, ತುಱುವಂ ಮಗುಳ್ಚಿ, ಅಂದ್ರೆ ಕಳ್ಳರು ಹೊಡ್ಕೊಂಡು ಹೋಗಿದ್ದ ದನಗಳನ್ನ ವಾಪಸ್ ತಿರುಗಿಸಿ, ಸುರಲೋಕ ಪ್ರಾಪ್ತನಾದ. ಹೆಸರಿನ ಮೊದಲ ಎರಡು ಅಕ್ಷರ ಮಣ್ಣಲ್ಲಿ ಗಟ್ಟಿಯಾಗಿ ಕೂತಿತ್ತು, ನಾಳೆ ಮೆತ್ತನೆ ಬ್ರಷ್ ತಂದು ಬಿಡಿಸ್ತೀನಿ, ಯಾರೂ ಮುಟ್ಟಬೇಡಿ, ಇಲಾಖೆಗೆ ಫೋನ್ ಮಾಡೋಣ ಅಂತ ಮೇಷ್ಟ್ರು ಹೇಳಿ ಚಪ್ಪಲಿ ಅಲ್ಲೇ ಮರೆತು ಬರಿಗಾಲಲ್ಲಿ ಸ್ಕೂಟರ್ ಹತ್ತಿ ಹೋದ್ರು, ಜೆರಾಕ್ಸಲ್ಲಿ ಇದರ ಅಡ್ರೆಸ್ ಇದೆಯಾ ನೋಡೋಕೆ.

ಇಲ್ಲಿವರೆಗೆ ಆ ಕಲ್ಲು ಕ್ಷೇಮವಾಗಿತ್ತು. ಆಮೇಲೆ ಅದು ಪರಂಪರೆ ಆಯ್ತು.

ಅಧ್ಯಕ್ಷರು ಸುಮ್ಮನಿರ್ತಾರಾ, ಸಮಾರೋಪಕ್ಕೆ ಇದಕ್ಕಿಂತ ಐಟಂ ಬೇಕಾ? ರಾತ್ರಿನೇ ಜೆಸಿಬಿ ಬಂತು. ಬಕೆಟ್ ತಾಗಿ ಚಂದ್ರನ ಕಡೆ ಒಂದು ಮೂಲೆ ಹಾರಿಹೋಯ್ತು, ಪರವಾಗಿಲ್ಲ ಸೂರ್ಯ ಇದಾನಲ್ಲ ಅಂದ್ರಂತೆ. ಅಲ್ಲಿಂದ ಸೀದಾ ಬೈಕ್ ವಾಟರ್ ಸರ್ವೀಸ್ ಅಂಗಡಿಗೆ. ಪ್ರೆಶರಲ್ಲಿ ಹೊಡೆದ್ರೂ ಸೋಪಿನ ಕರೆ ಹೋಗಲಿಲ್ಲ ಅಂತ ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿ ಉಜ್ಜಿದ್ರು. ಆಮೇಲೂ ಫಿನಿಶಿಂಗ್ ಬಂದಿಲ್ಲ ಅನ್ನಿಸಿ ಟೈಲ್ಸ್ ಕೆಲಸದವನ ಗ್ರೈಂಡರ್ ಓಡಿಸಿದ್ರು. ಬಳಪದ ಕಲ್ಲು ಅದು, ಮೆತ್ತನೆ ಜಾತಿ, ಅದಕ್ಕೇ ಹೊಯ್ಸಳರ ಕಾಲದಲ್ಲಿ ಆ ಕುಸುರಿ ಸಾಧ್ಯವಾಗಿದ್ದು, ಗ್ರೈಂಡರಿಗೆ ಬೆಣ್ಣೆ ಸಿಕ್ಕಿದ ಹಾಗಾಯ್ತು. ಕೊನೆಗೆ ಗಣಪತಿಗೆ ಬಣ್ಣ ಹೊಡೆಯೋ ಪೇಂಟರ್ ಬಂದ. ವೀರನಿಗೆ ನೀಲಿ ಆಯಿಲ್ ಪೇಂಟು, ಬಿಲ್ಲು ಹಿಡಿದಿದಾನಲ್ಲ ರಾಮ ಇರಬೇಕು ಅಂತ. ಅಪ್ಸರೆಯರಿಗೆ ಗುಲಾಬಿ ಬಣ್ಣದ ರವಿಕೆ, ಹೆಣ್ಮಕ್ಕಳು ಸಮಾರಂಭಕ್ಕೆ ಬರ್ತಾರೆ ಅಂತ. ಹಸುಗಳಿಗೆ ಕಪ್ಪು ಬಿಳಿ ಮಚ್ಚೆ, ಡೈರಿಗೆ ಹಾಲು ಹಾಕೋ ಊರು ನೋಡಿ, ಎಲ್ಲಾ ಎಚ್ಎಫ್ ಸೀಮೆಹಸು. ಅಕ್ಷರ ಇದ್ದ ಪಟ್ಟಿಗೆ ಗೋಲ್ಡ್ ಬಾರ್ಡರ್.

ಮೇಷ್ಟ್ರು ಬೆಳಗ್ಗೆ ಬ್ರಷ್ ಹಿಡ್ಕೊಂಡು ಹಿತ್ತಲಿಗೆ ಬಂದ್ರೆ ಬರೀ ಗುಂಡಿ, ಪಕ್ಕದಲ್ಲಿ ಅವರ ಚಪ್ಪಲಿ.

ಸಮಾರೋಪ ಜೋರಾಗಿ ನಡೀತು. ಬಸ್‌ಸ್ಟ್ಯಾಂಡ್ ಸರ್ಕಲ್ಲಲ್ಲಿ ಟೈಲ್ಸ್ ಕಟ್ಟೆ ಕಟ್ಟಿ ಕಲ್ಲನ್ನ ನಿಲ್ಲಿಸಿ ಸ್ಟೀಲ್ ರೈಲಿಂಗ್ ಹಾಕಿ ರಿಮೋಟ್ ಒತ್ತಿ ಪರದೆ ಸರಿಸಿದ್ರು. 32 ಜನಕ್ಕೆ ಅಂತ ತಂದಿದ್ದ ಶಾಲಲ್ಲಿ ಒಬ್ಬರು ಗೈರು, ಆ ಒಂದು ಶಾಲು ಮೈಸೂರು ಪೇಟ ಎರಡನ್ನೂ ಕಲ್ಲಿಗೇ ಹಾಕಿ ಫಲಪುಷ್ಪ ಇಟ್ಟು ಸನ್ಮಾನ ಮುಗಿಸಿದ್ರು. ಪಕ್ಕದಲ್ಲೇ ಕಪ್ಪು ಗ್ರಾನೈಟಿನ ಫಲಕ, ಅದರಲ್ಲಿ ಬಂಗಾರದ ಬಣ್ಣದಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಖಜಾಂಚಿ, ಸದಸ್ಯರು, ಕಂಟ್ರಾಕ್ಟರು, ಒಟ್ಟು 14 ಹೆಸರು. ದನ ಬಿಡಿಸೋಕೆ ಹೋಗಿ ಸತ್ತವನ ಹೆಸರು ಇಲ್ಲ. ಇದ್ದ ಅರ್ಧವೂ ಗ್ರೈಂಡರಲ್ಲಿ ಹೋಯ್ತಲ್ಲ.

ಹಳೇ ದಾನಶಾಸನಗಳ ಕೊನೇಲಿ ಒಂದು ಶಾಪ ಇರುತ್ತೆ ಗೊತ್ತಲ್ಲ, ತಾನು ಕೊಟ್ಟಿದ್ದಾಗಲಿ ಇನ್ನೊಬ್ಬರು ಕೊಟ್ಟಿದ್ದಾಗಲಿ ದಾನದ ಭೂಮಿ ಕಿತ್ಕೊಂಡೋನು "ಷಷ್ಟಿರ್ವರ್ಷ ಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ", ಅರವತ್ತು ಸಾವಿರ ವರ್ಷ ಹೇಲಿನ ಹುಳ ಆಗಿ ಹುಟ್ಟಲಿ ಅಂತ. ನಮ್ಮ ಗುಡಿಯ ಶಾಸನದಲ್ಲೂ ಇದೆ, ಅದರ ಮೇಲೇ ಸೌಂಡ್ ಬಾಕ್ಸ್ ಇಟ್ಟಿದ್ರು. ಅರವತ್ತು ಸಾವಿರ ವರ್ಷಕ್ಕೇ ಹೆದರದ ಜನ ಸ್ವಾಮಿ ನಾವು, ನೀಲಿ ಬೋರ್ಡಿನ ಎರಡು ವರ್ಷ ಯಾವ ಲೆಕ್ಕ.

ವಾರ ಮುಗೀತು. ಫ್ಲೆಕ್ಸು ಒಂದೇ ರಾತ್ರೀಲಿ ಮಾಯ, ಮೋಡ ಬೇರೆ ಇತ್ತು, ಬೆಳಗ್ಗೆ ನೋಡಿದ್ರೆ ಕೆರೆ ಏರಿ ಪಕ್ಕದ ಹೊಲದಲ್ಲಿ ರಾಗಿ ಮೆದೆ ಮೇಲೆ ಸಮಿತಿಯವರೆಲ್ಲ ಮಲಗಿ ಆಕಾಶ ನೋಡ್ತಿದಾರೆ. ಇಡೀ ಸಪ್ತಾಹದಲ್ಲಿ ಏನನ್ನಾದ್ರೂ ಮಳೆಯಿಂದ ರಕ್ಷಿಸಿದ್ದು ಅದೊಂದೇ. ಮೊಳೆ ಮಾತ್ರ ಗೋಡೇಲೇ ಇದೆ, ಮುಂದಿನ ವರ್ಷಕ್ಕೆ ಬೇಕಾಗುತ್ತೆ ಅಂತೆ.

ಮೂಲೆಮನೆ ಅಜ್ಜಿ ನಾಲ್ಕು ದಿನ ಅಧ್ಯಕ್ಷರ ಮನೆ ಬಾಗಿಲಿಗೆ ಅಲೆದ್ರು. "ನೀವು ಶಾಲಾದ್ರೂ ಹೊದ್ಸಿ, ಸೀರೆನಾದ್ರೂ ಉಡ್ಸಿ, ನನಗೇನು, ನಾನು ಬಟ್ಟೆ ಎಲ್ಲಿ ಒಗೀಲಿ ಹೇಳಿ ಮತ್ತೆ." ಅಧ್ಯಕ್ಷರಿಗೂ ಸಾಕಾಗಿತ್ತು. ಅವರ ಶೆಡ್ಡಲ್ಲಿ ಒಂದು ಗ್ರಾನೈಟ್ ಚಪ್ಪಡಿ ಬಿದ್ದಿತ್ತು, ಮೊದಲು ಕೆತ್ತಿಸಿದ ಫಲಕ, ಅಧ್ಯಕ್ಷರ ಇನಿಷಿಯಲ್ಲೇ ತಪ್ಪಾಗಿದೆ ಅಂತ ವಾಪಸ್ ಆಗಿದ್ದು. ಅದನ್ನೇ ಆಟೋದಲ್ಲಿ ಹಾಕಿ ಕಳಿಸಿಕೊಟ್ರು.

ಮೊನ್ನೆ ಆ ಕಡೆ ಹೋದಾಗ ನೋಡಿದೆ, ಹಳೇ ಗುಂಡೀಲೇ ಅದನ್ನ ಕೂರಿಸಿ ಅಜ್ಜಿ ರಗ್ಗು ಒಗೀತಿದ್ರು. ಕಲ್ಲು ಹೇಗಿದೆ ಅಜ್ಜಿ ಅಂದೆ. "ಕಲ್ಲೇನೋ ನುಣ್ಣಗೈತೆ ಕಣಪ್ಪ, ಮ್ಯಾಲೆಲ್ಲ ಅದೇನೋ ಅಕ್ಷರ ಕೊರ್ದಿದ್ರು, ಬಟ್ಟೆ ಸಿಕ್ಕಾಕ್ಕೊಂಡು ಹರೀತಿತ್ತು. ಅದಕ್ಕೇ ಮುಖ ಕೆಳಗೆ ಮಾಡಿ ಹಾಕ್ಸಿವ್ನಿ."